ಬಾಯಿಮಾತಿನ ದೂರು ದೂರಲ್ಲ

ನಮ್ಮ ನೆರೆಮನೆಯ ಸಹೋದರಿಯೊಬ್ಬರ ಪತಿ ಸೌದಿಯಲ್ಲಿ ದುಡಿಯುತ್ತಿದ್ದಾರೆ. ಮನೆ ಕಟ್ಟಲೆಂದು ಇಬ್ಬರ ಹೆಸರಿನಲ್ಲೂ ಬ್ಯಾಂಕೊಂದರಿಂದ ಸಾಲ ಪಡೆದಿದ್ದರು. ಪತಿ ತಿಂಗಳು ತಿಂಗಳು ಕಳಿಸಿದ ಹಣದಲ್ಲಿ ಮನೆಖರ್ಚು ಬಿಗಿ ಹಿಡಿದು ಈಕೆ ಕಂತು ಕಟ್ಟುತ್ತಾ ಬಂದರು. 2024ರ ಜನವರಿ 8ರಂದು ಕೊನೆಯ ಕಂತು ಮುಗಿಯಿತು. ಅಂದು ಮನೆಯಲ್ಲಿ ಪಾಯಸ ಮಾಡಿ ನಮಗೂ ಕೊಟ್ಟಿದ್ದರು.

ಸಾಲ ತೀರಿತು, ಆದರೆ ಮನೆಯ ಪತ್ರ ಬರಲಿಲ್ಲ. ಕ್ರಯಪತ್ರ, ಖಾತಾ ಎಲ್ಲವೂ ಬ್ಯಾಂಕಿನ ವಶದಲ್ಲಿದ್ದವು. ಕೇಳಲು ಹೋದಾಗ ‘ಮುಂದಿನ ವಾರ ಬನ್ನಿ’ ಎಂದರು. ಮುಂದಿನ ವಾರ ಹೋದಾಗ ಸಂಬಂಧಪಟ್ಟ ಅಧಿಕಾರಿ ರಜೆಯಲ್ಲಿದ್ದರು. ಮತ್ತೊಮ್ಮೆ ಹೋದಾಗ ‘ಹೆಡ್ ಆಫೀಸಿಗೆ ಬರೆದಿದ್ದೇವೆ’ ಎಂಬ ಉತ್ತರ. ಹೀಗೆ ಎರಡು ತಿಂಗಳಲ್ಲಿ ಹನ್ನೊಂದು ಬಾರಿ ಬಸ್ಸು ಹತ್ತಿದರು. ಒಂದು ದಿನ ನಮ್ಮಲ್ಲಿಗೆ ಬಂದು, “ಮಗಳ ಮದುವೆ ಮಾತುಕತೆ ನಡೆಯುತ್ತಿದೆ. ಮನೆ ಪತ್ರ ಕಳೆದುಹೋಗಿದೆಯೋ ಏನೋ, ಅವರಿಗೆ ಏನು ಹೇಳಲಿ?” ಎಂದು ಕಣ್ಣೀರಿಟ್ಟರು.

“ಬ್ಯಾಂಕಿಗೆ ಬರವಣಿಗೆಯಲ್ಲಿ ಏನಾದರೂ ಕೊಟ್ಟಿದ್ದೀರಾ?” ಎಂದು ಕೇಳಿದೆ.

“ಹನ್ನೊಂದು ಸಲ ಹೋಗಿದ್ದೇನಲ್ಲ!” ಎಂದರು.

ಆ ಹನ್ನೊಂದು ಸಲ ಯಾವ ಲೆಕ್ಕಕ್ಕೂ ಬರಲಿಲ್ಲ. ಮುಂದೆ ಬ್ಯಾಂಕ್ ಕೊಟ್ಟ ಲಿಖಿತ ಉತ್ತರದಲ್ಲಿ, ಗ್ರಾಹಕರು ಪತ್ರ ಕೇಳಿಕೊಂಡು ಶಾಖೆಗೆ ಬಂದ ಬಗ್ಗೆ ತಮ್ಮಲ್ಲಿ ದಾಖಲೆ ಇಲ್ಲ ಎಂದೇ ಇತ್ತು. ಬ್ಯಾಂಕು, ಫೈನಾನ್ಸ್ ಕಂಪೆನಿ, ವಿಮಾ ಕಂಪೆನಿಗಳ ವಿರುದ್ಧ ನಮ್ಮವರ ಬಳಿ ದೂರುಗಳಿಗೇನೂ ಬರವಿಲ್ಲ. ಮದುವೆ ಮನೆಯಲ್ಲಿ, ಆಸ್ಪತ್ರೆಯ ವರಾಂಡದಲ್ಲಿ, ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವು ಧಾರಾಳವಾಗಿ ಹರಿದಾಡುತ್ತವೆ. ಆದರೆ ದಿನಾಂಕ ಹಾಕಿ, ಸಹಿ ಮಾಡಿ, ಸ್ವೀಕೃತಿ ಪಡೆದ ದೂರು ನೂರರಲ್ಲಿ ಒಬ್ಬರ ಬಳಿಯೂ ಕಾಣುವುದಿಲ್ಲ.

ಇದಕ್ಕೆ ನಮ್ಮ ಸಮಾಜದಲ್ಲಿ ಇನ್ನೊಂದು ಕಾರಣವೂ ಇದೆ. ಬಡ್ಡಿಯ ಸಾಲ ನಿಷಿದ್ಧವೆಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಹಾಗಿದ್ದೂ ನಿರ್ಬಂಧಕ್ಕೆ ಸಿಲುಕಿಯೋ ನಿರ್ಲಕ್ಷ್ಯದಿಂದಲೋ ಸಾಲ ಮಾಡಿದವರು ಅದನ್ನು ಗುಟ್ಟಾಗಿ ಇಡುತ್ತಾರೆ. ದೂರು ಕೊಟ್ಟರೆ ಸಾಲ ಮಾಡಿದ್ದು ಬಯಲಾಗುತ್ತದಲ್ಲ ಎಂಬ ಅಂಜಿಕೆ. ‘ಸಾಲ ಮಾಡಿದ್ದೇ ತಪ್ಪು, ಇನ್ನು ಅನ್ಯಾಯವಾಯಿತೆಂದು ಯಾವ ಬಾಯಲ್ಲಿ ಹೇಳಲಿ?’ ಎಂದು ನುಂಗಿಕೊಳ್ಳುತ್ತಾರೆ. ಇದು ಸರಿಯಲ್ಲ. ಸಾಲ ಮಾಡಿದ್ದರ ಪಶ್ಚಾತ್ತಾಪ ಅಲ್ಲಾಹನ ಮುಂದೆ ಆಗಬೇಕಾದದ್ದು. ಬ್ಯಾಂಕಿನವರು ಮಾಡಿದ ಅನ್ಯಾಯದ ಲೆಕ್ಕ ಬೇರೆಯೇ ಇದೆ.

ಪ್ರವಾದಿ ಮುಹಮ್ಮದ್(ಸ)ರ ಬಳಿ ಒಬ್ಬ ವ್ಯಕ್ತಿ ತನಗೆ ಬರಬೇಕಾದ ಒಂಟೆಯನ್ನು ಕೇಳುತ್ತಾ ಬಂದು ಒರಟಾಗಿ ಮಾತನಾಡಿದ ಘಟನೆ ಸಹೀಹುಲ್ ಬುಖಾರಿಯಲ್ಲಿದೆ. ಸಹಾಬಿಗಳು ಸಿಟ್ಟಿಗೆದ್ದಾಗ ಪ್ರವಾದಿ(ಸ) ಅವರನ್ನು ತಡೆದರು. ಹಕ್ಕು ಇರುವವನಿಗೆ ಮಾತನಾಡುವ ಅಧಿಕಾರವಿದೆಯೆಂದು ತಿಳಿಸಿ, ಆತನಿಗೆ ಬರಬೇಕಾದದ್ದಕ್ಕಿಂತ ಉತ್ತಮ ಒಂಟೆಯನ್ನು ಕೊಡಿಸಿದರು. ಇನ್ನು ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವಾದ ಅಲ್ ಬಕರದ 282ನೆಯ ಸೂಕ್ತ ಯಾವುದರ ಬಗ್ಗೆ? ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಪಡಬಾರದೆಂಬ ತಾಕೀತೂ ಅದರಲ್ಲಿದೆ. ಅದನ್ನು ಸುಂದರವಾಗಿ ಓದುವ ನಾವು ಸಾಲದ ಪತ್ರಕ್ಕೆ ಓದದೆಯೇ ಸಹಿ ಹಾಕುತ್ತೇವೆ, ಅದರ ಪ್ರತಿಯನ್ನೂ ಕೇಳುವುದಿಲ್ಲ.

ಎರಡು ಪ್ರತಿ, ಒಂದು ಮುದ್ರೆ

ನೆರೆಮನೆಯ ಸಹೋದರಿಗೆ ಅಂದೇ ಒಂದು ಪತ್ರ ಬರೆದುಕೊಟ್ಟೆವು. ಕನ್ನಡದಲ್ಲಿಯೇ, ಒಂದು ಪುಟಕ್ಕಿಂತ ಕಡಿಮೆ. ಸಾಲದ ಖಾತೆ ಸಂಖ್ಯೆ, ಕೊನೆಯ ಕಂತು ಕಟ್ಟಿದ ದಿನಾಂಕ, ಬ್ಯಾಂಕಿನ ವಶದಲ್ಲಿರುವ ಕಾಗದಗಳ ಪಟ್ಟಿ, ಇಲ್ಲಿಯ ತನಕ ಭೇಟಿ ಕೊಟ್ಟ ದಿನಗಳು, ತಮಗೆ ಏನು ಆಗಬೇಕು ಎಂಬ ಒಂದು ವಾಕ್ಯ, ಮತ್ತು ಲಿಖಿತ ಉತ್ತರ ಕೊಡಬೇಕೆಂಬ ಕೋರಿಕೆ. ಬೈಗುಳ ಇಲ್ಲ, ಗೋಳು ಇಲ್ಲ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಬ್ಯಾಂಕಿನ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಂಡು ಬರಲು ಹೇಳಿದೆವು. ಮುದ್ರೆ ಹಾಕಲು ಒಪ್ಪದಿದ್ದರೆ ವಾದ ಮಾಡುವ ಅಗತ್ಯವಿಲ್ಲ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಂಡರೆ ಅದೂ ಸಾಕ್ಷಿಯೇ. ಬ್ಯಾಂಕಿನ ವೆಬ್‌ಸೈಟಿನಲ್ಲಿಯೋ ಇಮೇಲ್ ಮೂಲಕವೋ ಕೊಟ್ಟರೆ ಬರುವ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿದ್ದೆವು. ಅದೇ ಕೆಲಸ ಮಾಡಿತು. 2023ರ ಸೆಪ್ಟೆಂಬರ್ 13ರಂದು ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತ್ತು. ಅದರ ಪ್ರಕಾರ ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಆಸ್ತಿಯ ಮೂಲ ಪತ್ರಗಳನ್ನೆಲ್ಲ ಹಿಂದಿರುಗಿಸಬೇಕು, ನೋಂದಣಿಯಲ್ಲಿ ದಾಖಲಾದ ಋಣಭಾರವನ್ನೂ ತೆಗೆಸಿಕೊಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಪತ್ರ ಕಳೆದುಹೋಗಿದ್ದರೆ ನಕಲು ಪಡೆಯಲು ಬ್ಯಾಂಕೇ ನೆರವಾಗಬೇಕು, ಖರ್ಚನ್ನೂ ಭರಿಸಬೇಕು. ಅದಕ್ಕೆ ಮಾತ್ರ ಇನ್ನೂ 30 ದಿನಗಳ ಹೆಚ್ಚುವರಿ ಕಾಲಾವಕಾಶವಿದೆ. 2023ರ ಡಿಸೆಂಬರ್ 1ರ ನಂತರ ಹಿಂದಿರುಗಿಸಬೇಕಾದ ಎಲ್ಲ ಪತ್ರಗಳಿಗೂ ಇದು ಅನ್ವಯ. ಸಾಲಗಾರ ಮೃತಪಟ್ಟರೆ ವಾರಸುದಾರರಿಗೆ ಪತ್ರ ಮರಳಿಸುವ ಕ್ರಮವನ್ನೂ ಬ್ಯಾಂಕುಗಳು ಮೊದಲೇ ಗೊತ್ತುಪಡಿಸಿ ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು.

ಮಾರ್ಚ್ 5ರಂದು ಪತ್ರ ಕೊಟ್ಟರು. ಮಾರ್ಚ್ 28ರಂದು ಬ್ಯಾಂಕಿನಿಂದಲೇ ಫೋನ್ ಬಂತು. ಕಾಗದಗಳು ಬೇರೊಂದು ರಾಜ್ಯದ ಉಗ್ರಾಣದಲ್ಲಿ ಇದ್ದವಂತೆ. ಹನ್ನೊಂದು ಭೇಟಿಯಲ್ಲಿ ಸಿಗದ ಕಾಗದ ಒಂದು ಹಾಳೆಯ ಪತ್ರಕ್ಕೆ ಇಪ್ಪತ್ಮೂರು ದಿನಗಳಲ್ಲಿ ಸಿಕ್ಕಿತು.

ಬಹಳ ಮಂದಿ ಇಲ್ಲಿಗೇ ‘ಅಲ್‌ಹಮ್ದುಲಿಲ್ಲಾಹ್’ ಎಂದು ಸುಮ್ಮನಾಗುತ್ತಾರೆ. ಈ ಸಹೋದರಿ ಸುಮ್ಮನಾಗಲಿಲ್ಲ. ಫೆಬ್ರವರಿ 7ಕ್ಕೆ 30 ದಿನ ಮುಗಿದಿತ್ತು. ಆಮೇಲೆ 50 ದಿನ ತಡವಾಗಿದೆ. ಲೆಕ್ಕ ಹಾಕಿದರೆ ಎರಡೂವರೆ ಲಕ್ಷ ರೂಪಾಯಿ. ಆ ಮೊತ್ತ ನೋಡಿ ಅವರೇ ಬೆಚ್ಚಿದರು. ಪರಿಹಾರ ಕೇಳಿ ಎರಡನೆಯ ಪತ್ರ ಬರೆದರು. ಬ್ಯಾಂಕ್ ಒಪ್ಪಲಿಲ್ಲ. ಭೇಟಿಯ ದಾಖಲೆ ಇಲ್ಲ ಎಂಬ ಮೇಲೆ ಹೇಳಿದ ಉತ್ತರ ಬಂದದ್ದು ಆಗಲೇ.

ವಕೀಲರಿಲ್ಲದ ಬಾಗಿಲು

ಬ್ಯಾಂಕಿನ ಉತ್ತರ ತೃಪ್ತಿಕರವಾಗಿರದಿದ್ದರೆ, ಅಥವಾ 30 ದಿನಗಳಾದರೂ ಉತ್ತರವೇ ಬಾರದಿದ್ದರೆ ಹೋಗಬೇಕಾದ ಬಾಗಿಲು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಈ ವ್ಯವಸ್ಥೆ ಹೊಸದೇನಲ್ಲ, 1995ರಿಂದಲೂ ಇದೆ. ಮೊದಲು ಬ್ಯಾಂಕುಗಳಿಗೆ ಮಾತ್ರ ಇತ್ತು. 2018ರಲ್ಲಿ ಫೈನಾನ್ಸ್ ಕಂಪೆನಿಗಳಿಗೆ, 2019ರಲ್ಲಿ ಡಿಜಿಟಲ್ ಪಾವತಿಗೆ ಪ್ರತ್ಯೇಕ ಯೋಜನೆಗಳು ಬಂದವು. 2021ರ ನವೆಂಬರ್ 12ರಂದು ಮೂರನ್ನೂ ಒಂದುಗೂಡಿಸಲಾಯಿತು. ಹಾಗಾಗಿ ನಮ್ಮ ದೂರು ಯಾವ ಊರಿನ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುತ್ತದೆಂದು ಹುಡುಕುವ ತಲೆನೋವು ಈಗಿಲ್ಲ.

ಶುಲ್ಕವಿಲ್ಲ. ವಕೀಲರೂ ಬೇಡ. ಬೇಡ ಎಂದಷ್ಟೇ ಅಲ್ಲ, ವಕೀಲರ ಮೂಲಕ ದೂರು ಸಲ್ಲಿಸುವಂತೆಯೇ ಇಲ್ಲ. ಸ್ವತಃ ಕೊಡಬೇಕು ಅಥವಾ ಮಗನನ್ನೋ ಮಗಳನ್ನೋ ಲಿಖಿತವಾಗಿ ನೇಮಿಸಬೇಕು. ಅಂತರ್ಜಾಲದಲ್ಲಿ ರಿಸರ್ವ್ ಬ್ಯಾಂಕಿನ ದೂರು ತಾಣದಲ್ಲಿ ತುಂಬಬಹುದು. ಬರದವರು ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕ್ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಮಾಹಿತಿ ಬೇಕಿದ್ದರೆ 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಉತ್ತರ ಸಿಗುತ್ತದೆ. ಆದರೆ ಒಂದು ಷರತ್ತು ಮಾತ್ರ ಕಟ್ಟುನಿಟ್ಟು: ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟಿರಬೇಕು. ಅದಿಲ್ಲದೆ ನೇರವಾಗಿ ಇಲ್ಲಿಗೆ ಬರೆದವರ ದೂರನ್ನು ವಿಚಾರಣೆ ಇಲ್ಲದೆಯೇ ಮುಚ್ಚಲಾಗುತ್ತದೆ. ಕಾಲಮಿತಿಯೂ ಇದೆ. 2021ರ ಯೋಜನೆ ಒಂದು ವರ್ಷದ ಅವಧಿ ಕೊಟ್ಟಿತ್ತು. ಆದರೆ ಇಂಥ ಗಡುವುಗಳು ಬದಲಾಗುತ್ತಿರುತ್ತವೆ. ಬ್ಯಾಂಕಿನ ಉತ್ತರ ಬಂದ ತಿಂಗಳೊಳಗೆ ಮುಂದಿನ ಹೆಜ್ಜೆ ಇಟ್ಟರೆ ಯಾವ ಗಡುವಿನ ಚಿಂತೆಯೂ ಇಲ್ಲ.

ಬ್ಯಾಂಕುಗಳ ಒಳಗೇ ಇರುವ ಇನ್ನೊಂದು ಏರ್ಪಾಡು ಗ್ರಾಹಕರಿಗೆ ಗೊತ್ತೇ ಇರುವುದಿಲ್ಲ. ದೊಡ್ಡ ಬ್ಯಾಂಕುಗಳು ಆಂತರಿಕ ಓಂಬುಡ್ಸ್‌ಮನ್ ಒಬ್ಬರನ್ನು ನೇಮಿಸಿಕೊಳ್ಳಬೇಕು. ದೂರನ್ನು ಪೂರ್ತಿ ಅಥವಾ ಭಾಗಶಃ ತಿರಸ್ಕರಿಸುವ ಮೊದಲು ಅವರ ಮುಂದೆ ಇಡಬೇಕು. ನಾವು ನೇರವಾಗಿ ಅವರ ಬಳಿ ಹೋಗುವಂತಿಲ್ಲ. ಆದರೆ ‘ನನ್ನ ದೂರನ್ನು ಆಂತರಿಕ ಓಂಬುಡ್ಸ್‌ಮನ್ ನೋಡಿದ್ದಾರೆಯೇ?’ ಎಂದು ಪತ್ರದಲ್ಲಿ ಕೇಳುವುದಕ್ಕೆ ಅಡ್ಡಿಯಿಲ್ಲ. ಈ ಪ್ರಶ್ನೆ ಕೇಳುವ ಗ್ರಾಹಕರನ್ನು ಬ್ಯಾಂಕಿನವರು ಸ್ವಲ್ಪ ಬೇರೆ ರೀತಿಯಲ್ಲಿ ನೋಡುತ್ತಾರೆ.

ನೆರೆಮನೆಯಾಕೆಯ ದೂರನ್ನು ಅವರ ಎರಡನೆಯ ಮಗಳು, ಡಿಗ್ರಿ ಓದುವ ಹುಡುಗಿ, ಒಂದು ರಾತ್ರಿ ಕುಳಿತು ತುಂಬಿದಳು. ಭೇಟಿಗೆ ಸಾಕ್ಷಿ ಏನು? ಆಕೆ ತನ್ನ ಫೋನ್ ಹುಡುಕಿದಾಗ ಫೆಬ್ರವರಿಯಲ್ಲಿ ಸಾಲ ವಿಭಾಗದ ಸಿಬ್ಬಂದಿಗೆ ಕಳಿಸಿದ್ದ ಮೂರು ಸಂದೇಶಗಳು ಸಿಕ್ಕವು. ಉಮ್ಮ ನಿನ್ನೆ ಬಂದಿದ್ದರು, ಪತ್ರ ಬಂತೇ ಎಂದು ಕೇಳಿದ್ದಳು. ಮುಂದಿನ ವಾರ ಎಂದು ಆತ ಉತ್ತರಿಸಿದ್ದ. ‘ದಾಖಲೆ ಇಲ್ಲ’ ಎಂದ ಬ್ಯಾಂಕಿಗೆ ಅದರದೇ ಸಿಬ್ಬಂದಿಯ ಸಂದೇಶ ದಾಖಲೆಯಾಯಿತು. ಓಂಬುಡ್ಸ್‌ಮನ್ ಕಚೇರಿ ಬ್ಯಾಂಕಿನಿಂದ ವಿವರಣೆ ಕೇಳಿತು. ಇದಕ್ಕೆ ಉತ್ತರಿಸಲು ಯೋಜನೆಯಲ್ಲಿ 15 ದಿನಗಳ ಅವಧಿ ಇದೆ. ಕೆಲವು ವಾರಗಳ ಬಳಿಕ ಬ್ಯಾಂಕೇ ರಾಜಿಗೆ ಬಂದು ಪೂರ್ತಿ ಪರಿಹಾರ ಕೊಡಲು ಒಪ್ಪಿತು. ಜುಲೈಯಲ್ಲಿ ಹಣ ಖಾತೆಗೆ ಬಂತು. ಓಂಬುಡ್ಸ್‌ಮನ್ ತೀರ್ಪು ಬರೆಯುವ ಹಂತಕ್ಕೆ ಹೋಗುವ ದೂರುಗಳು ಕಡಿಮೆಯೇ. ಹೆಚ್ಚಿನವು ಹೀಗೆ ರಾಜಿಯಲ್ಲಿ ಮುಗಿಯುತ್ತವೆ.

ಹಣ ಬಂದ ಮೇಲೆ ಆ ತಾಯಿಗೆ ಹೊಸ ಚಿಂತೆ ಶುರುವಾಯಿತು. ‘ಇದು ಬಡ್ಡಿಯಾಗುವುದಿಲ್ಲವೇ?’ ಮಸೀದಿಯ ಉಸ್ತಾದರಲ್ಲಿ ವಿಚಾರಿಸಿದರು. ಇದು ಸಾಲ ಕೊಟ್ಟ ಹಣದ ಮೇಲೆ ಬಂದ ಲಾಭವಲ್ಲ, ನಿಮ್ಮ ಸೊತ್ತನ್ನು ತಡೆದಿಟ್ಟದ್ದಕ್ಕೆ ಕೊಟ್ಟ ಪರಿಹಾರ ಎಂದು ಅವರು ಹೇಳಿದರಂತೆ. ಆದರೂ ಮನಸ್ಸು ಪೂರ್ತಿ ಒಪ್ಪದೆ, ತಮಗಾದ ಖರ್ಚನ್ನು ಇಟ್ಟುಕೊಂಡು, ಉಳಿದದ್ದರಲ್ಲಿ ದೊಡ್ಡ ಪಾಲನ್ನು ಊರಿನ ರೋಗಿಯೊಬ್ಬರ ಆಸ್ಪತ್ರೆ ಸಾಲ ತೀರಿಸಲು ಕೊಟ್ಟರು. ಇಂಥ ಸಂದರ್ಭ ಬಂದವರು ತಾವು ನಂಬುವ ವಿದ್ವಾಂಸರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಓಂಬುಡ್ಸ್‌ಮನ್ ಎಲ್ಲವನ್ನೂ ಮಾಡಲಾರರು ಎಂಬುದೂ ತಿಳಿದಿರಬೇಕು. ಸಾಲ ಮನ್ನಾ ಮಾಡಿ ಎಂದರೆ ಆಗದು. ಸಾಲ ಕೊಡುವುದೋ ಬಿಡುವುದೋ ಎಂಬ ಬ್ಯಾಂಕಿನ ವ್ಯಾವಹಾರಿಕ ನಿರ್ಧಾರದಲ್ಲಿ ಕೈ ಹಾಕುವುದಿಲ್ಲ. ಅದೇ ವಿಷಯ ನ್ಯಾಯಾಲಯದಲ್ಲಿದ್ದರೆ ದೂರನ್ನು ಸ್ವೀಕರಿಸುವುದಿಲ್ಲ. ಸೇವೆಯಲ್ಲಿ ಲೋಪವಾಗಿದೆಯೇ ಎಂಬುದಷ್ಟೇ ಅವರ ಪ್ರಶ್ನೆ.

ಮುಹಮ್ಮದ್ ಎಂಬ ಹೆಸರಿನ ತೊಡಕು

ಇತ್ತೀಚೆಗೆ ಹೆಚ್ಚಾಗಿ ಕೇಳಿಬರುವ ಇನ್ನೊಂದು ದೂರು ‘ಸಿಬಿಲ್’ನದು. ಸಾಲ ಪಡೆದವರ ಚರಿತ್ರೆಯನ್ನು ದಾಖಲಿಸಿಡುವ ಕಂಪೆನಿಗಳಲ್ಲಿ ಸಿಬಿಲ್ ಹಳೆಯದು, 2000ದಲ್ಲಿ ಶುರುವಾಯಿತು. ಈಗ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸೇರಿ ನಾಲ್ಕು ಕಂಪೆನಿಗಳಿವೆ. ಇವರ ಕಡತದಲ್ಲಿ ನಮ್ಮ ಹೆಸರಿಗೆ ಬಾಕಿ ಎಂದು ದಾಖಲಾದರೆ ಯಾವ ಬ್ಯಾಂಕೂ ನಮ್ಮನ್ನು ಹತ್ತಿರ ಸೇರಿಸುವುದಿಲ್ಲ.

ನಮ್ಮವರಿಗೆ ಇಲ್ಲಿ ಒಂದು ವಿಶೇಷ ತೊಡಕು ಇದೆ. ಒಂದೇ ಊರಿನಲ್ಲಿ ಮುಹಮ್ಮದ್ ಶರೀಫ್ ಎಂಬ ಹೆಸರಿನವರು ಹತ್ತು ಮಂದಿ ಇರಬಹುದು, ತಂದೆಯ ಹೆಸರು ಅಬ್ದುಲ್ ಖಾದರ್ ಎಂಬುದೂ ಇಬ್ಬರು ಮೂವರಿಗೆ ಸರಿಹೊಂದಬಹುದು. ಇಂಗ್ಲಿಷಿನಲ್ಲಿ ಮುಹಮ್ಮದ್ ಎಂಬುದನ್ನು ಆಧಾರ್‌ನಲ್ಲಿ ಒಂದು ರೀತಿ, ಪ್ಯಾನ್ ಕಾರ್ಡಿನಲ್ಲಿ ಮತ್ತೊಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೂ ಬೇರೆ ರೀತಿ ಬರೆದಿರುತ್ತಾರೆ. ಹೀಗಿರುವಾಗ ಯಾರದೋ ಬೈಕಿನ ಸಾಲ ಯಾರದೋ ಕಡತಕ್ಕೆ ಸೇರಿಬಿಡುವುದು ಅಸಾಧ್ಯವೇನಲ್ಲ. ಇನ್ನು ಕೆಲವರು ಎಂದೋ ಅಂಗಡಿಯಲ್ಲಿ ಕಂತಿನ ಮೇಲೆ ಮೊಬೈಲ್ ಕೊಂಡು, ಕೊನೆಯ ಇನ್ನೂರು ಮುನ್ನೂರು ರೂಪಾಯಿ ಉಳಿದದ್ದನ್ನು ಮರೆತಿರುತ್ತಾರೆ. ಮಗಳ ಶಿಕ್ಷಣಕ್ಕೆ ಸಾಲ ಕೇಳಲು ಹೋದಾಗ ಅದು ಎದ್ದು ನಿಲ್ಲುತ್ತದೆ.

ಪ್ರತಿಯೊಂದು ಕಂಪೆನಿಯಿಂದಲೂ ವರ್ಷಕ್ಕೊಮ್ಮೆ ನಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತಪ್ಪು ಕಂಡರೆ ಆ ಕಂಪೆನಿಗೂ ಸಾಲ ಕೊಟ್ಟ ಸಂಸ್ಥೆಗೂ ಲಿಖಿತ ದೂರು ಕೊಡಬೇಕು. 30 ದಿನಗಳೊಳಗೆ ಸರಿಪಡಿಸದಿದ್ದರೆ ಆ ಬಳಿಕ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಈ ಕಂಪೆನಿಗಳೂ 2022ರ ಸೆಪ್ಟೆಂಬರ್‌ನಿಂದ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬಂದಿವೆ. ಹಣ ಕೊಟ್ಟರೆ ಸಿಬಿಲ್ ಸರಿ ಮಾಡಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳು ಈಗ ಪ್ರತಿ ಪೇಟೆಯಲ್ಲೂ ಇದ್ದಾರೆ. ಅವರು ಮಾಡುವುದೂ ಇದೇ ಕೆಲಸ, ಬೇರೆ ಯಾವ ಮಂತ್ರವೂ ಅವರ ಬಳಿ ಇಲ್ಲ.

ಬಾಗಿಲಿಗೆ ಬಂದು ಕುಳಿತವರು

ಪುರುಷರ ಹೆಸರಿನ ಸಾಲದ ಕತೆ ಒಂದು ಬಗೆಯದಾದರೆ, ಮಹಿಳೆಯರ ಗುಂಪು ಸಾಲದ ಕತೆ ಇನ್ನೊಂದು. ಮೈಕ್ರೋಫೈನಾನ್ಸ್ ಕಂಪೆನಿಗಳು ಅಡಮಾನ ಇಲ್ಲದೆ ಸಾಲ ಕೊಡುತ್ತವೆ ನಿಜ. ಆದರೆ ಗುಂಪಿನ ಉಳಿದ ಮಹಿಳೆಯರ ಮುಂದೆ ಆಗುವ ಅವಮಾನವೇ ಅಲ್ಲಿ ಅಡಮಾನ. 2025ರ ಆರಂಭದಲ್ಲಿ ಕರ್ನಾಟಕದ ಹಲವು ಜಿಲ್ಲೆಗಳಿಂದ ವಸೂಲಿಯ ಕಾಟಕ್ಕೆ ಊರು ಬಿಟ್ಟವರ, ಜೀವವನ್ನೇ ಕಳೆದುಕೊಂಡವರ ಸುದ್ದಿಗಳು ದಿನವೂ ಬಂದವು. ರಾಜ್ಯ ಸರಕಾರ ಕಳಿಸಿದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಮರಳಿ ಕಳಿಸಿದಾಗ ಸಹಿ ಹಾಕಿದರು. 2025ರ ಫೆಬ್ರವರಿ 12ರಂದು ಅದು ಜಾರಿಗೆ ಬಂತು. ಮುಂದಿನ ತಿಂಗಳು ವಿಧಾನಮಂಡಲ ಮಸೂದೆಗೆ ಒಪ್ಪಿಗೆ ನೀಡಿತು. ಬಲವಂತದ ವಸೂಲಿಗೆ ಹತ್ತು ವರ್ಷಗಳ ತನಕ ಜೈಲು ಮತ್ತು ಐದು ಲಕ್ಷ ರೂಪಾಯಿಯ ತನಕ ದಂಡ ಅದರಲ್ಲಿದೆ. ಇಂಥ ದೂರನ್ನು ಪೊಲೀಸ್ ಠಾಣೆಯಲ್ಲಿಯೇ ಕೊಡಬಹುದು.

ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. 2022ರ ಮಾರ್ಚ್‌ನಲ್ಲಿ ಬಂದ ನಿರ್ದೇಶನದ ಪ್ರಕಾರ ಕಿರುಸಾಲದ ವಸೂಲಿಗೆ ಬೆಳಿಗ್ಗೆ 9 ಗಂಟೆಗೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ವಸೂಲಿ ಮಾಡಬೇಕಾದದ್ದು ಇಬ್ಬರೂ ಒಪ್ಪಿ ಗೊತ್ತುಪಡಿಸಿದ ಸ್ಥಳದಲ್ಲಿ. ಸತತವಾಗಿ ಎರಡು ಬಾರಿ ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಸಂಬಂಧಿಕರಿಗೆ, ನೆರೆಯವರಿಗೆ ಹೇಳಿ ಮಾನ ಕಳೆಯುವುದು, ಬೆದರಿಸುವುದು ನಿಷಿದ್ಧ. ಮನೆಯ ಎಲ್ಲ ಸಾಲಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂಬ ಮಿತಿಯೂ ಆ ನಿರ್ದೇಶನದಲ್ಲಿದೆ. ಐದು ಕಂಪೆನಿಗಳಿಂದ ಸಾಲ ಎತ್ತಿದ ಮಹಿಳೆಯನ್ನು ಎಲ್ಲರೂ ದೂರುತ್ತಾರೆ. ಐದನೆಯ ಸಾಲ ಕೊಟ್ಟವನು ಈ ಮಿತಿಯನ್ನು ನೋಡಿದ್ದನೇ ಎಂದು ಯಾರೂ ಕೇಳುವುದಿಲ್ಲ. ಉಳಿದ ಸಾಲಗಳಿಗೆ ಬೆಳಿಗ್ಗೆ 8ರಿಂದ ಸಂಜೆ 7ರ ನಡುವೆ ಮಾತ್ರ ಕರೆ ಮಾಡಬಹುದೆಂದು 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತಿಳಿಸಿತ್ತು. ಗೂಂಡಾಗಳನ್ನು ಬಿಟ್ಟು ವಸೂಲಿ ಮಾಡಿಸುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2007ರಷ್ಟು ಹಿಂದೆಯೇ ಖಂಡಿಸಿದೆ. ಇಂಥ ಕಾಟ ಎದುರಿಸುವವರು ಪ್ರತಿ ಕರೆಯ ಸಮಯ, ಸಂಖ್ಯೆ, ಬಂದವರ ಹೆಸರನ್ನು ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಾದರೂ ಬರೆದಿಡಬೇಕು. ಠಾಣೆಯಲ್ಲಿ ಮೊದಲು ಕೇಳುವುದು ಅದನ್ನೇ.

ಚಿನ್ನದ ಸಾಲ ನಮ್ಮ ಮನೆಗಳಲ್ಲಿ ಇನ್ನೂ ಸಾಮಾನ್ಯ. ಅದರ ಬಗ್ಗೆ 2025ರ ಜೂನ್‌ನಲ್ಲಿ ಹೊಸ ನಿರ್ದೇಶನ ಬಂದಿದೆ. 2026ರ ಏಪ್ರಿಲ್ 1ರೊಳಗೆ ಅದನ್ನು ಪಾಲಿಸತೊಡಗಬೇಕೆಂದು ಬ್ಯಾಂಕುಗಳಿಗೂ ಫೈನಾನ್ಸ್ ಕಂಪೆನಿಗಳಿಗೂ ಹೇಳಲಾಗಿತ್ತು. ಒಡವೆಯನ್ನು ನಮ್ಮ ಎದುರಿಗೇ ಪರೀಕ್ಷಿಸಬೇಕು. ಒಟ್ಟು ತೂಕ, ಕಲ್ಲು ಕಳೆದ ನಿವ್ವಳ ತೂಕ, ಶುದ್ಧತೆ ಎಲ್ಲವನ್ನೂ ಬರೆದುಕೊಡಬೇಕು. ಓದು ಬರಹ ಬಾರದವರಿಗೆ ಷರತ್ತುಗಳನ್ನು ಸಾಕ್ಷಿಯೊಬ್ಬರ ಮುಂದೆ ವಿವರಿಸಬೇಕು, ಆ ಸಾಕ್ಷಿ ಕಂಪೆನಿಯ ನೌಕರನಾಗಿರಬಾರದು. ಸಾಲ ತೀರಿದ ದಿನವೇ, ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಒಡವೆ ಮರಳಬೇಕು. ತಡವಾದರೆ ಇಲ್ಲಿಯೂ ದಿನಕ್ಕೆ 5,000 ರೂಪಾಯಿ. ಹರಾಜು ಹಾಕಿದರೆ ಬಾಕಿ ಕಳೆದು ಉಳಿದ ಹಣ ನಮ್ಮದು. ಹರಾಜಿನಲ್ಲಿ ಒಡವೆ ಹೋಯಿತೆಂದು ಅತ್ತು ಸುಮ್ಮನಾಗುವವರು ಈ ಉಳಿದ ಹಣವನ್ನು ಕೇಳುವುದೇ ಇಲ್ಲ.

ಪೇಟೆಯ ಗಿರವಿ ಅಂಗಡಿ, ಲೇವಾದೇವಿಯವರು ಮಾತ್ರ ರಿಸರ್ವ್ ಬ್ಯಾಂಕಿನ ಕೈಗೆ ಬರುವುದಿಲ್ಲ. ಅವರಿಗೆ ಪರವಾನಿಗೆ ಕೊಡುವುದು ರಾಜ್ಯದ ಸಹಕಾರ ಇಲಾಖೆ. ದೂರನ್ನು ಅಲ್ಲಿಗೇ ಕೊಡಬೇಕು. ಪತ್ತಿನ ಸಹಕಾರಿ ಸಂಘಗಳ ವಿಷಯವೂ ಹೀಗೆಯೇ. ಸಾಲದ ಜೊತೆ ಕೇಳದೆಯೇ ಸೇರಿಸಿದ ವಿಮೆಯ ದೂರಿದ್ದರೆ, ಮೊದಲು ಕಂಪೆನಿಗೆ ಬರೆದು 30 ದಿನ ಕಾದು, ಆಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬೇಕು.

ಗ್ರಾಹಕರ ಆಯೋಗ

ಓಂಬುಡ್ಸ್‌ಮನ್ ಬಳಿ ನ್ಯಾಯ ಸಿಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದ ಮೇಲೆ ಒಂದು ದೊಡ್ಡ ಅನುಕೂಲವಾಗಿದೆ. ಬ್ಯಾಂಕಿನ ಕಚೇರಿ ಮುಂಬೈಯಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಸೇವೆಗೆ ತೆತ್ತ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ಹೂಡಬೇಕು. ಇಲ್ಲಿ ವಕೀಲರನ್ನು ಇಟ್ಟುಕೊಳ್ಳಬಹುದು, ಇಡದೆ ಸ್ವತಃ ವಾದಿಸಲೂಬಹುದು. ಆದರೆ ಒಂದು ಮಾತು ಹೇಳಲೇಬೇಕು. ಮೂರು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದಾದರೂ, ದಿನಾಂಕದ ಮೇಲೆ ದಿನಾಂಕ ಬಿದ್ದು ವರ್ಷಗಳೇ ಉರುಳುವುದುಂಟು. ಹಾಗಾಗಿ ಬ್ಯಾಂಕಿನ ದೂರುಗಳಿಗೆ ಓಂಬುಡ್ಸ್‌ಮನ್ ಮೊದಲು, ಆಯೋಗ ಆಮೇಲೆ ಎಂಬುದೇ ನನ್ನ ಅಭಿಪ್ರಾಯ. ಮಾರ್ಗದರ್ಶನಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಈ ಯಾವ ಬಾಗಿಲೂ ಸುಲಭವಾಗಿ ತೆರೆಯದ ಒಂದು ಜಾಗವಿದೆ. ಅದನ್ನು ನಮ್ಮ ಸಮಾಜ 2019ರ ಜೂನ್‌ನಲ್ಲಿ ಕಂಡಿತು. ‘ಹಲಾಲ್ ಹೂಡಿಕೆ’ ಎಂಬ ಹೆಸರಿನಲ್ಲಿ ಹಣ ಸಂಗ್ರಹಿಸಿದ ಬೆಂಗಳೂರಿನ ಐಎಂಎ ಕುಸಿದು ಬಿತ್ತು. ಅದರ ಮುಖ್ಯಸ್ಥ ಮನ್ಸೂರ್ ಖಾನ್ ದುಬೈಗೆ ಹೋಗಿ, ಜುಲೈಯಲ್ಲಿ ದಿಲ್ಲಿಯಲ್ಲಿ ಬಂಧನಕ್ಕೊಳಗಾದರು. ಹಣ ಹಾಕಿದ ಸಾವಿರಾರು ಮಂದಿ ಶಿವಾಜಿನಗರದಲ್ಲಿ ದೂರು ಕೊಡಲು ಸಾಲುಗಟ್ಟಿದರು. ಅವರಲ್ಲಿ ಮೆಹರ್‌ನ ಒಡವೆ ಮಾರಿದ ಹೆಣ್ಣುಮಕ್ಕಳೂ, ಮಗಳ ಮದುವೆಗೆಂದು ಕೂಡಿಟ್ಟ ವೃದ್ಧರೂ ಇದ್ದರು. ಅದು ಬ್ಯಾಂಕಲ್ಲ, ಹೂಡಿದವರನ್ನು ‘ಪಾಲುದಾರರು’ ಎಂದು ಬರೆಸಿಕೊಂಡಿತ್ತು. ಹಾಗಾಗಿ ಬ್ಯಾಂಕಿನ ದೂರುಗಳನ್ನು ಕೇಳುವ ಓಂಬುಡ್ಸ್‌ಮನ್ ಅವರ ನೆರವಿಗೆ ಬರುವಂತಿರಲಿಲ್ಲ. ಠೇವಣಿದಾರರ ಹಿತರಕ್ಷಣೆಯ 2004ರ ಕರ್ನಾಟಕ ಕಾಯ್ದೆಯಡಿ ನೇಮಿಸಿದ ಸಕ್ಷಮ ಪ್ರಾಧಿಕಾರ ಕಂಪೆನಿಯ ಆಸ್ತಿ ಜಪ್ತಿ ಮಾಡಿ, ಹೂಡಿಕೆದಾರರಿಂದ ಅರ್ಜಿ ಪಡೆದು, ನ್ಯಾಯಾಲಯದ ಮೂಲಕ ಹಂಚುವ ದೀರ್ಘ ದಾರಿಯೊಂದೇ ಉಳಿಯಿತು. ಆ ಅರ್ಜಿಯಲ್ಲಿಯೂ ಕೇಳಿದ್ದು ಕಾಗದವನ್ನೇ. ಹಣ ಹಾಕುವ ಮೊದಲು ‘ಇದು ಹಲಾಲೇ?’ ಎಂದು ಎಲ್ಲರೂ ಕೇಳಿದ್ದರು. ‘ಇದರ ವಿರುದ್ಧ ದೂರಿದ್ದರೆ ಎಲ್ಲಿ ಕೊಡಬೇಕು?’ ಎಂದು ಕೇಳಿದವರು ಎಷ್ಟು ಮಂದಿ? ಇಂದಿಗೂ ಇಂಥ ಯೋಜನೆಗಳು ಬೇರೆ ಬೇರೆ ಹೆಸರಿನಲ್ಲಿ ನಮ್ಮ ಮನೆ ಬಾಗಿಲಿಗೆ ಬರುತ್ತಿವೆ. ಹಣ ಸಂಗ್ರಹಿಸುವ ಸಂಸ್ಥೆಗೆ ಅನುಮತಿ ಇದೆಯೇ ಎಂದು ನೋಡಲು, ಇಲ್ಲದಿದ್ದರೆ ಮಾಹಿತಿ ಕೊಡಲು ರಿಸರ್ವ್ ಬ್ಯಾಂಕಿನ ‘ಸಚೇತ್’ ಎಂಬ ತಾಣ 2016ರಿಂದ ಇದೆ.

ನೆರೆಮನೆಯ ಸಹೋದರಿಯ ಮಗಳ ಮದುವೆ ಮುಗಿದಿದೆ. ಅವರ ಕಪಾಟಿನಲ್ಲಿ ಈಗ ಒಂದು ನೀಲಿ ಫೈಲು ಇದೆ. ಮನೆಯ ಪತ್ರಗಳ ಜೊತೆ ಮುದ್ರೆ ಬಿದ್ದ ಆ ಎರಡು ಪತ್ರಗಳ ಪ್ರತಿಗಳೂ ಅದರಲ್ಲಿವೆ. ಕಳೆದ ವಾರ ಅವರು ತಮ್ಮ ತಂಗಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ತಂಗಿಯ ಕೈಯಲ್ಲಿ ಚಿನ್ನದ ಸಾಲದ ಚೀಟಿ ಇತ್ತು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವರೇ ಅದನ್ನು ಬೆಳಕಿಗೆ ಹಿಡಿದು, “ನೋಡಿ, ನಿವ್ವಳ ತೂಕದ ಜಾಗ ಖಾಲಿ ಬಿಟ್ಟಿದ್ದಾರೆ” ಎಂದರು. ಮರುದಿನ ಬೆಳಿಗ್ಗೆ ಅಕ್ಕ ತಂಗಿ ಇಬ್ಬರೂ ಅದನ್ನು ಬರೆಸಿಕೊಂಡು ಬರಲು ಹೋದರು.